ರಟ್ಟಿನ ಪರದೆಯ ಮೇಲೆ ಹಾಲಿನ ಲೋಟ

ಬೆಳಗಿನ ಆರೂ ಹತ್ತಕ್ಕೆ ಆ ರಟ್ಟಿನ ಮೇಲೆ ಮೊದಲ ಹೆಬ್ಬೆರಳು ಬಿತ್ತು. ಡೇರಿಯ ಹಾಲು ಪರೀಕ್ಷಕಿಯ ಬೆರಳು. ಹಾಲಿನಿಂದಲೂ ಲೋಟ ತೊಳೆದ ನೀರಿನಿಂದಲೂ ಒದ್ದೆಯಾಗಿತ್ತು. ಹಿಂದಿನ ರಾತ್ರಿ ನಾನು ಸ್ಕೆಚ್ ಪೆನ್ನಿನಲ್ಲಿ ಬರೆದಿದ್ದ ‘ಮುಂದೆ’ ಎಂಬ ಗುಂಡಿ ನೀಲಿ ಕಲೆಯಾಗಿ ಹರಡಿಕೊಂಡಿತು. ಆಕೆ ಗಾಬರಿಯಾಗಿ ಕೈ ಹಿಂದಕ್ಕೆ ಎಳೆದುಕೊಂಡು, “ಅಯ್ಯೋ, ಕೆಡಿಸಿಬಿಟ್ಟೆನಲ್ಲ ಸರ್” ಎಂದರು. “ಇಲ್ಲ ಅಕ್ಕ, ನೀವು ಹೇಳಬೇಕಾದದ್ದನ್ನೇ ಹೇಳಿದಿರಿ” ಎಂದು ನಾನು ಟಿಪ್ಪಣಿ ಪುಸ್ತಕದಲ್ಲಿ ಒಂದು ಸಾಲು ಬರೆದೆ: ಮುಟ್ಟುವ ಪರದೆ ಬೇಡ, ಒತ್ತುವ ಕೀಲಿಗಳೇ ಬೇಕು.

ಮುಟ್ಟುವ ಪರದೆಯ ಯಂತ್ರಕ್ಕೆ ನಾವು ಅದಾಗಲೇ ದರಪಟ್ಟಿ ತರಿಸಿಕೊಂಡಿದ್ದೆವು. ಒದ್ದೆ ಕೈಗೆ ಅದು ಸರಿಯಾಗಿ ಸ್ಪಂದಿಸುವುದಿಲ್ಲ ಎನ್ನುವುದು ನಮಗೆ ತಿಳಿಯದ ವಿಷಯವಲ್ಲ. ಪರೀಕ್ಷಕಿಯ ಕೈ ಬೆಳಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆ ಒದ್ದೆಯಾಗಿಯೇ ಇರುತ್ತದೆ ಎನ್ನುವುದನ್ನು ಮಾತ್ರ ಯಾರೂ ನಮಗೆ ಹೇಳಿರಲಿಲ್ಲ. ಹೇಳಬೇಕೆಂದು ಅವರಿಗೆ ಹೊಳೆಯುವುದಾದರೂ ಹೇಗೆ? ಮೀನಿಗೆ ನೀರಿನ ಸುದ್ದಿ ಹೇಳು ಎಂದ ಹಾಗೆ.

ಇದು 2017ರ ಜೂನ್ ತಿಂಗಳ ಮಾತು. ಮಂಡ್ಯ ಜಿಲ್ಲೆಯ ಒಂದು ಹಳ್ಳಿಯ ಹಾಲು ಉತ್ಪಾದಕರ ಸಹಕಾರ ಸಂಘ ತನ್ನ ಲೆಕ್ಕವನ್ನೆಲ್ಲ ಗಣಕಕ್ಕೆ ಏರಿಸಲು ನಿರ್ಧರಿಸಿತ್ತು. ಮೈಸೂರಿನಲ್ಲಿ ನಾವು ನಾಲ್ಕು ಜನ ಸೇರಿ ನಡೆಸುತ್ತಿದ್ದ ಪುಟ್ಟ ಕಂಪನಿಗೆ ಆ ಕೆಲಸ ಬಂತು. ಕಾರ್ಯದರ್ಶಿಯವರೊಂದಿಗೆ ಮೂರು ಸಲ ಕೂತು ಮಾತಾಡಿ, ತಂತ್ರಾಂಶದ ಅಗತ್ಯಗಳನ್ನು ಬರೆಯಲು ಐಇಇಇ ಎಂಬ ಎಂಜಿನಿಯರುಗಳ ಅಂತರರಾಷ್ಟ್ರೀಯ ಸಂಸ್ಥೆ ಗೊತ್ತುಮಾಡಿದ್ದ ಕ್ರಮದಲ್ಲಿಯೇ 48 ಪುಟಗಳ ದಸ್ತಾವೇಜು ತಯಾರಿಸಿದೆವು. ಪ್ರತಿ ಅಂಶವನ್ನೂ ಓದಿ ಹೇಳಿದಾಗ ಅವರು “ಸರಿ ಸ್ವಾಮಿ, ಹಾಗೆಯೇ” ಎಂದರು. ಕೊನೆಯ ಪುಟದಲ್ಲಿ ಸಂಘದ ಮೊಹರು ಒತ್ತಿ ಸಹಿ ಹಾಕಿದರು.

ಆ ಸಹಿಯನ್ನು ನೋಡಿ ನನಗೆ ನೆಮ್ಮದಿಯಾಗಲಿಲ್ಲ. ಅದಕ್ಕೆ ಎರಡು ವರ್ಷ ಹಿಂದೆ ಒಂದು ಹಾರ್ಡ್‌ವೇರ್ ಅಂಗಡಿಗೆ ಬಿಲ್ಲಿಂಗ್ ತಂತ್ರಾಂಶ ಮಾಡಿಕೊಟ್ಟಿದ್ದೆವು. ಅಲ್ಲಿಯೂ ಹೀಗೆಯೇ ಸಹಿ ಆಗಿತ್ತು, ಐದು ತಿಂಗಳು ದುಡಿದಿದ್ದೆವು. ಅಂಗಡಿಯವರು ಅದನ್ನು ಒಂಬತ್ತು ದಿನ ಬಳಸಿ ಮತ್ತೆ ಕಾರ್ಬನ್ ಹಾಳೆಯ ಬಿಲ್ ಪುಸ್ತಕಕ್ಕೆ ಮರಳಿದರು. ನಮ್ಮ ತಂತ್ರಾಂಶದಲ್ಲಿ ದೋಷ ಇರಲಿಲ್ಲ. ದಸ್ತಾವೇಜಿನಲ್ಲಿ ಬರೆದದ್ದನ್ನೆಲ್ಲ ಅದು ಚಾಚೂ ತಪ್ಪದೆ ಮಾಡುತ್ತಿತ್ತು. ಆ ಅಂಗಡಿಯಲ್ಲಿ ನಡೆಯುತ್ತಿದ್ದ ವ್ಯಾಪಾರವೇ ಬೇರೆ. ಆ ನೋವು ಇನ್ನೂ ಹಸಿಯಾಗಿತ್ತು. ಹಾಗಾಗಿ ಈ ಸಲ ಒಂದು ಸಾಲು ಕೋಡ್ ಬರೆಯುವ ಮೊದಲು ಪ್ರೋಟೋಟೈಪ್ ಮಾಡಿ, ಅದನ್ನು ಬಳಸುವವರ ಕೈಗೇ ಕೊಟ್ಟು ನೋಡೋಣ ಎಂದು ಸಂಗಡಿಗರನ್ನು ಒಪ್ಪಿಸಿದೆ. ಇನ್ನು ಮುಂದೆ ಅದನ್ನು ಮಾದರಿ ಎಂದೇ ಕರೆಯುತ್ತೇನೆ.

ಮಾದರಿ ಎಂದ ಕೂಡಲೇ ನಮ್ಮ ಹುಡುಗರು ಲ್ಯಾಪ್‌ಟಾಪ್ ತೆರೆದರು. ನಾನು ಬೇಡವೆಂದೆ. ಪಾಮ್ ಪೈಲಟ್ ಎಂಬ ಅಂಗೈ ಗಣಕ 1996ರಲ್ಲಿ ಮಾರುಕಟ್ಟೆಗೆ ಬರುವ ಮೊದಲು, ಅದನ್ನು ರೂಪಿಸಿದ ಜೆಫ್ ಹಾಕಿನ್ಸ್ ಅದೇ ಅಳತೆಯ ಒಂದು ಮರದ ತುಂಡನ್ನು ಅಂಗಿಯ ಜೇಬಿನಲ್ಲಿ ಇಟ್ಟುಕೊಂಡು ಓಡಾಡುತ್ತಿದ್ದರು. ಯಾರಾದರೂ ಭೇಟಿಯ ದಿನ ಕೇಳಿದರೆ ಮರದ ತುಂಡನ್ನು ಹೊರತೆಗೆದು ಅದರ ಮೇಲೆ ಬರೆಯುವಂತೆ ನಟಿಸುತ್ತಿದ್ದರು. ಮರದ ತುಂಡಿಗೆ ಇರುವ ಶಕ್ತಿ ರಟ್ಟಿಗೂ ಇದೆ ಎಂದು ನನಗೆ ಅನ್ನಿಸಿತ್ತು. ಹಳೆಯ ಕ್ಯಾಲೆಂಡರಿನ ರಟ್ಟು ಕತ್ತರಿಸಿ, ಒಂದೊಂದರ ಮೇಲೆ ಒಂದೊಂದು ಪರದೆ ಬರೆದೆ. ಸದಸ್ಯರ ಸಂಖ್ಯೆ, ತೂಕ, ಫ್ಯಾಟ್ ಅಂದರೆ ಕೊಬ್ಬಿನಂಶ, ಎಸ್‌ಎನ್‌ಎಫ್ ಅಂದರೆ ಕೊಬ್ಬು ಬಿಟ್ಟು ಹಾಲಿನಲ್ಲಿರುವ ಉಳಿದ ಘನಾಂಶ, ದರ, ಮೊತ್ತ, ಕೆಳಗೆ ‘ಮುಂದೆ’.

ಗಣಕದ ಪಾತ್ರ ನನ್ನದು. ಪಶು ಆಹಾರದ ಮೂಟೆಗಳ ಹಿಂದೆ ಒಂದು ಸ್ಟೂಲು ಹಾಕಿಕೊಂಡು ಕೂತೆ. ಪರೀಕ್ಷಕಿ ರಟ್ಟಿನ ಮೇಲೆ ಸಂಖ್ಯೆಯನ್ನು ಒತ್ತಿದಂತೆ ಮಾಡಿ ಬಾಯಲ್ಲಿ ಹೇಳಬೇಕು. ನಾನು ಲೆಕ್ಕ ಹಾಕಿ ಪೆನ್ಸಿಲಿನಲ್ಲಿ ಚೀಟಿ ಬರೆದು ಮೂಟೆಯ ಮೇಲಿಂದ ಚಾಚಬೇಕು. ಮರೆಯಲ್ಲಿ ಮನುಷ್ಯ ಕೂತು ಯಂತ್ರದ ಕೆಲಸ ಮಾಡುವ ಈ ಉಪಾಯ ಹಳೆಯದು. ಮಾತನ್ನು ಕೇಳಿ ತಾನೇ ಟೈಪ್ ಮಾಡುವ ಯಂತ್ರವನ್ನು ಜನ ಹೇಗೆ ಬಳಸಿಯಾರು ಎಂದು ತಿಳಿಯಲು ಐಬಿಎಂನ ಸಂಶೋಧಕರು 1980ರ ದಶಕದಲ್ಲಿ ಪಕ್ಕದ ಕೋಣೆಯಲ್ಲಿ ಒಬ್ಬ ಬೆರಳಚ್ಚುಗಾರರನ್ನು ಕೂರಿಸಿದ್ದರು. ಅಂಥ ಯಂತ್ರ ಆಗ ಇರಲಿಲ್ಲ, ಆದರೂ ಅದರ ಬಳಕೆಯ ಪರೀಕ್ಷೆ ನಡೆಯಿತು.

ಮೊದಲ ಮೂರು ಜನರ ಹಾಲು ಸಲೀಸಾಗಿ ಹೋಯಿತು. ನಾಲ್ಕನೆಯವರ ಹೊತ್ತಿಗೆ ನಮ್ಮ 48 ಪುಟಗಳು ಕುಸಿದವು.

ನಾವು ಬರೆದಿದ್ದ ಕ್ರಮ ಹೀಗಿತ್ತು: ಒಬ್ಬರು ಬರುತ್ತಾರೆ, ಸಂಖ್ಯೆ ಹೇಳುತ್ತಾರೆ, ಹಾಲು ತೂಗುತ್ತೇವೆ, ಫ್ಯಾಟ್ ನೋಡುತ್ತೇವೆ, ಚೀಟಿ ಕೊಡುತ್ತೇವೆ, ಆಮೇಲೆ ಮುಂದಿನವರು. ಕಾರ್ಯದರ್ಶಿಯವರು ಹೇಳಿದ್ದೂ ಇದೇ ಕ್ರಮದಲ್ಲಿ, ಅದರಲ್ಲಿ ಒಂದು ಮಾತೂ ಸುಳ್ಳಲ್ಲ. ಆದರೆ ತೂಕಕ್ಕೆ ಹಿಡಿಯುವುದು ಇಪ್ಪತ್ತು ಸೆಕೆಂಡು. ಸ್ಯಾಂಪಲ್ ಹಾಲನ್ನು ಯಂತ್ರದ ನಳಿಕೆಗೆ ಹಿಡಿದು, ಅದು ಹೀರಿಕೊಂಡು ಅಂಕಿ ತೋರಿಸುವ ಹೊತ್ತಿಗೆ ಸುಮಾರು ಒಂದು ನಿಮಿಷ. ಆ ಬೆಳಗ್ಗೆ ಹಾಲು ತಂದವರು 86 ಮಂದಿ. ಒಬ್ಬರದು ಪೂರ್ತಿ ಮುಗಿದ ಮೇಲೆ ಇನ್ನೊಬ್ಬರದು ಎಂದರೆ ಎರಡು ಗಂಟೆಗೆ ಐದು ನಿಮಿಷ ಕಡಿಮೆ. ಬಾಗಿಲು ತೆರೆಯುವುದು ಆರಕ್ಕೆ, ಕ್ಯಾನ್ ಒಯ್ಯುವ ಲಾರಿ ಬರುವುದು ಏಳೂಕಾಲಿಗೆ. ಅಷ್ಟರಲ್ಲಿ ಎಲ್ಲರ ಹಾಲೂ ಕ್ಯಾನಿಗೆ ಬಿದ್ದಿರಲೇಬೇಕು. ಹಾಗಾಗಿ ತೂಕ ಮುಂದೆ ಮುಂದೆ ಓಡುತ್ತದೆ, ಪರೀಕ್ಷೆ ಅದರ ಹಿಂದೆ ನಿಧಾನವಾಗಿ ಬರುತ್ತದೆ. ನಡುವೆ ಸ್ಯಾಂಪಲ್ ಲೋಟಗಳು ಸಾಲಾಗಿ ಕಾಯುತ್ತವೆ. ಲಾರಿ ಹೋದ ಮೇಲೂ ಪರೀಕ್ಷೆ ನಡೆದೇ ಇರುತ್ತದೆ.

ನನ್ನ ರಟ್ಟಿನ ಪರದೆಯಲ್ಲಿ ಫ್ಯಾಟ್ ತುಂಬದೆ ‘ಮುಂದೆ’ ಹೋಗುವಂತಿರಲಿಲ್ಲ. ಪರೀಕ್ಷಕಿ ಒಂದು ಕ್ಷಣ ನಿಂತರು. ಸಾಲಿನಲ್ಲಿದ್ದವರು ಗೊಣಗತೊಡಗಿದರು. ಆಗ ಆಕೆ ಮಾಡಿದ್ದನ್ನು ನಾನು ಮೂಟೆಗಳ ಸಂದಿಯಿಂದ ನೋಡುತ್ತಲೇ ಇದ್ದೆ. ಪಕ್ಕದಲ್ಲಿ ಒಂದರ ಮೇಲೊಂದು ಇಟ್ಟಿದ್ದ ಖಾಲಿ ರಟ್ಟುಗಳಿಂದ ಇನ್ನೊಂದನ್ನು ಎಳೆದುಕೊಂಡು ಮೊದಲನೆಯದರ ಬಲಕ್ಕೆ ಇಟ್ಟರು. ಅದರಲ್ಲಿ ಹೊಸ ಸಂಖ್ಯೆ, ಹೊಸ ತೂಕ. ಮತ್ತೊಬ್ಬರು ಬಂದರು, ಮತ್ತೊಂದು ರಟ್ಟು. ಎಂಟು ಹತ್ತು ನಿಮಿಷದಲ್ಲಿ ಮೇಜಿನ ಮೇಲೆ ರಟ್ಟುಗಳ ಸಾಲು ಬೆಳೆಯಿತು. ಯಾವ ಲೋಟ ಯಾರದು ಎಂದು ಮರೆಯದಿರಲು ಒಬ್ಬೊಬ್ಬರ ಲೋಟವನ್ನು ಅವರವರ ರಟ್ಟಿನ ಮೇಲೆಯೇ ಇಟ್ಟರು. ಎಡತುದಿಯ ಲೋಟವನ್ನು ಎತ್ತಿ ನಳಿಕೆಗೆ ಹಿಡಿಯುವುದು, ಅಂಕಿ ಹೇಳುವುದು, ಆ ರಟ್ಟನ್ನು ನನ್ನ ಕಡೆಗೆ ಸರಿಸುವುದು, ಬಲಕ್ಕೆ ಹೊಸ ರಟ್ಟನ್ನು ಸೇರಿಸುವುದು. ಆಕೆಗೆ ನಾನು ಅಲ್ಲಿರುವುದು ಮರೆತೇಹೋಗಿತ್ತು.

ನಾವು ಕಟ್ಟಬೇಕಾದ ತಂತ್ರಾಂಶ ಆ ಮೇಜಿನ ಮೇಲೆ, ರಟ್ಟು ಮತ್ತು ಲೋಟಗಳ ರೂಪದಲ್ಲಿ, ಆಕೆಯ ಕೈಯಿಂದಲೇ ಹೊರಬಂದಿತ್ತು. ನನ್ನ ಎದೆ ನಿಜಕ್ಕೂ ಹೊಡೆದುಕೊಳ್ಳುತ್ತಿತ್ತು. ಮೂರು ಸಲ ಕೂತು ಮಾತಾಡಿದಾಗ ಈ ಸಾಲಿನ ವಿಷಯ ಒಮ್ಮೆಯೂ ಬಂದಿರಲಿಲ್ಲ. ಆಮೇಲೆ ಪರೀಕ್ಷಕಿಯನ್ನು ಕೇಳಿದಾಗ, “ಅದು ಹಾಗೆಯೇ ಅಲ್ಲವೇ ಸರ್, ಇನ್ನು ಹೇಗೆ ಮಾಡುತ್ತಾರೆ?” ಎಂದರು. ಹದಿನಾಲ್ಕು ವರ್ಷ ದಿನಕ್ಕೆ ಎರಡು ಹೊತ್ತು ಮಾಡಿದ ಕೆಲಸ ಬಾಯಿಗೆ ಬರುವುದಿಲ್ಲ, ಕೈಯಲ್ಲಿಯೇ ಉಳಿದುಬಿಡುತ್ತದೆ. ತಪ್ಪಾದ ಒಂದು ವಸ್ತುವನ್ನು ಆ ಕೈಗೆ ಕೊಟ್ಟಾಗ ಕೈ ಅದನ್ನು ತಿದ್ದುತ್ತದೆ. ನಾವು ಆ ತಿದ್ದುವಿಕೆಯನ್ನು ನೋಡಿ ಬರೆದುಕೊಳ್ಳಬೇಕು.

ಚೀಟಿಯ ವಿಷಯವೂ ಅಲ್ಲಿಯೇ ತಲೆಕೆಳಗಾಯಿತು. ಪರೀಕ್ಷೆ ಹಿಂದೆ ಬೀಳುವುದರಿಂದ ಹಾಲು ಹಾಕಿದವರು ಫ್ಯಾಟ್ ಗೊತ್ತಾಗುವವರೆಗೆ ನಿಲ್ಲುವುದಿಲ್ಲ. ಮನೆಯಲ್ಲಿ ಮಕ್ಕಳನ್ನು ಶಾಲೆಗೆ ಕಳಿಸಬೇಕು, ಗದ್ದೆಗೆ ಹೋಗಬೇಕು. ಬೆಳಗಿನ ಅಂಕಿ ಅವರಿಗೆ ಸಿಗುವುದು ಸಂಜೆ ಬಂದಾಗ, ಸಂಜೆಯದು ಮರುದಿನ ಬೆಳಗ್ಗೆ. ಹಳೆಯ ಕಾರ್ಡಿನಲ್ಲಿಯೂ ಕಾರ್ಯದರ್ಶಿಯವರು ಹಿಂದಿನ ಹೊತ್ತಿನದನ್ನೇ ತುಂಬಿ ಕೊಡುತ್ತಿದ್ದರು. ‘ತಕ್ಷಣ ಚೀಟಿ’ ಎಂದು ನಾವು ದಪ್ಪ ಅಕ್ಷರದಲ್ಲಿ ಬರೆದಿದ್ದ ಅಗತ್ಯ ಅಲ್ಲಿ ಯಾರಿಗೂ ಅಗತ್ಯವಾಗಿರಲಿಲ್ಲ.

ಎರಡನೆಯ ಮಾದರಿಯನ್ನು ಲ್ಯಾಪ್‌ಟಾಪಿನಲ್ಲಿ ಮಾಡಿದೆವು. ಅಂಕಿಗಳಷ್ಟೇ ಇರುವ ಸಣ್ಣ ಕೀಲಿಮಣೆ, ಅದರ ಮೇಲೆ ತೆಳುವಾದ ಪ್ಲಾಸ್ಟಿಕ್ ಹೊದಿಕೆ. ಪರದೆಯಲ್ಲಿ ಎಡದಿಂದ ಬಲಕ್ಕೆ ಕಾಯುತ್ತಿರುವವರ ಸಾಲು. ಇದರೊಂದಿಗೆ ಊರಿನ ಬಡಗಿಯಿಂದ ಹನ್ನೆರಡು ಕುಳಿಗಳಿರುವ ಒಂದು ಮರದ ತಟ್ಟೆ ಮಾಡಿಸಿದೆವು. ಒಂದೊಂದು ಕುಳಿಯಲ್ಲಿ ಒಂದು ಲೋಟ, ಕುಳಿಯ ಸಂಖ್ಯೆಯೇ ಪರದೆಯ ಸಾಲಿನ ಸಂಖ್ಯೆ. ತಂತ್ರಾಂಶದ ಗುತ್ತಿಗೆಯಲ್ಲಿ ಮರದ ತಟ್ಟೆ ಸೇರುತ್ತದೆ ಎಂದು ಯಾವ ಪಟ್ಟಿಯಲ್ಲಿಯೂ ಇರಲಿಲ್ಲ. ಆ ಇಡೀ ವ್ಯವಸ್ಥೆಯಲ್ಲಿ ಅತ್ಯಂತ ಉಪಯುಕ್ತವಾದ ಭಾಗ ಅದೇ ಎಂದು ನಾನು ಇಂದಿಗೂ ನಂಬಿದ್ದೇನೆ.

ಇಲ್ಲಿ ನನ್ನಿಂದ ಒಂದು ತಪ್ಪಾಯಿತು. ನೋಡಲು ಚೆನ್ನಾಗಿರಲಿ ಎಂದು ಎರಡನೆಯ ಮಾದರಿಗೆ ಬಣ್ಣ, ಸಂಘದ ಹೆಸರು, ಮೂಲೆಯಲ್ಲಿ ಒಂದು ಹಸುವಿನ ಚಿತ್ರ ಎಲ್ಲವನ್ನೂ ಹಾಕಿದೆ. ಆಡಳಿತ ಮಂಡಳಿಯವರಿಗೆ ತೋರಿಸಿದ ದಿನ ಮುಕ್ಕಾಲು ಗಂಟೆ ಚರ್ಚೆಯಾದದ್ದು ಹಸಿರು ಸಾಕೇ, ಇನ್ನೂ ಗಾಢವಾಗಬೇಕೇ, ಹಸು ನಾಟಿಯದ್ದಿರಲಿ ಎನ್ನುವುದರ ಬಗ್ಗೆ. ಹೊಲಸಾದ ರಟ್ಟಿನ ಮೇಲೆ ಯಾವ ಸಂಕೋಚವೂ ಇಲ್ಲದೆ ಗೆರೆ ಹೊಡೆದು ತಿದ್ದಿದ್ದವರು ಈಗ ಕೈಕಟ್ಟಿ ನಿಂತು “ಚೆನ್ನಾಗಿದೆ” ಎಂದರು. ಮುಗಿದುಹೋದಂತೆ ಕಾಣುವ ವಸ್ತುವನ್ನು ಜನ ತಿದ್ದುವುದಿಲ್ಲ, ಮೆಚ್ಚುತ್ತಾರೆ ಅಥವಾ ಸುಮ್ಮನಾಗುತ್ತಾರೆ. ಆ ರಾತ್ರಿಯೇ ಬಣ್ಣವನ್ನೆಲ್ಲ ತೆಗೆದು ಬಿಳಿಯ ಮೇಲೆ ಕಪ್ಪು ಗೆರೆಗಳನ್ನಷ್ಟೇ ಉಳಿಸಿದೆ.

ಅದರ ನಂತರ ಒಂದು ಪೂರ್ತಿ ಬಟವಾಡೆಯ ಅವಧಿ, ಅಂದರೆ ಏಳು ದಿನ, ಹದಿನಾಲ್ಕು ಹೊತ್ತು, ರಿಜಿಸ್ಟರನ್ನೂ ಮಾದರಿಯನ್ನೂ ಜೊತೆಜೊತೆಯಾಗಿ ನಡೆಸಿದೆವು. ಹಣ ಸಂದಾಯವಾಗುವುದು ರಿಜಿಸ್ಟರಿನ ಪ್ರಕಾರ. ಮಾದರಿಯ ಚೀಟಿ ಪರೀಕ್ಷೆಗಷ್ಟೇ. ಪ್ರತಿ ರಾತ್ರಿ ಕಾರ್ಯದರ್ಶಿಯವರೂ ನಾನೂ ಎರಡನ್ನೂ ಪಕ್ಕಪಕ್ಕ ಇಟ್ಟು ಸಾಲು ಸಾಲಾಗಿ ತಾಳೆ ನೋಡುತ್ತಿದ್ದೆವು. ನಮ್ಮ ಪಟ್ಟಿ ಸರಿಯೇ ಎಂಬ ನಿಜವಾದ ಪರೀಕ್ಷೆ ನಡೆದದ್ದು ಅಲ್ಲಿ, ಚಹಾದ ಲೋಟಗಳ ನಡುವೆ.

ಮೊದಲ ರಾತ್ರಿಯೇ ಮೊತ್ತಗಳು ಹೊಂದಲಿಲ್ಲ. ಒಂದೆರಡಲ್ಲ, ಹೆಚ್ಚುಕಡಿಮೆ ಅರ್ಧ ಸಾಲುಗಳಲ್ಲಿ ಕೆಲವು ಪೈಸೆಗಳ ವ್ಯತ್ಯಾಸ. ಹುಡುಕುತ್ತಾ ಹೋದಾಗ ಕಾರಣ ಸಿಕ್ಕಿತು. ಯಂತ್ರ ಫ್ಯಾಟನ್ನು ದಶಮಾಂಶದ ಎರಡು ಸ್ಥಾನದವರೆಗೆ ತೋರಿಸುತ್ತದೆ: 3.48. ಗೋಡೆಗೆ ಅಂಟಿಸಿದ ದರಪಟ್ಟಿಯಲ್ಲಿ ಇರುವುದು ಒಂದೇ ಸ್ಥಾನ: 3.4, 3.5, 3.6. ನಮ್ಮ ತಂತ್ರಾಂಶ 3.48ನ್ನು 3.5 ಎಂದು ಹತ್ತಿರದ ಅಂಕಿಗೆ ಏರಿಸುತ್ತಿತ್ತು. ಪರೀಕ್ಷಕಿ ಕೊನೆಯ ಅಂಕಿಯನ್ನು ಬಿಟ್ಟು 3.4 ಎಂದು ಬರೆಯುತ್ತಿದ್ದರು. ಅವರಿಗೆ ಹಿಂದಿದ್ದವರು ಹಾಗೆ ಹೇಳಿಕೊಟ್ಟಿದ್ದರು. ದಸ್ತಾವೇಜಿನಲ್ಲಿ ಈ ಎಲ್ಲದಕ್ಕೂ ಇದ್ದದ್ದು ಒಂದೇ ವಾಕ್ಯ: ‘ದರಪಟ್ಟಿಯಂತೆ ಮೊತ್ತವನ್ನು ಲೆಕ್ಕ ಹಾಕುವುದು.’ ಅದಕ್ಕೆ ಎಲ್ಲರೂ ತಲೆಯಾಡಿಸಿದ್ದೆವು, ಒಬ್ಬೊಬ್ಬರೂ ಒಂದೊಂದು ಅರ್ಥ ಮಾಡಿಕೊಂಡು.

ಲೀಟರಿಗೆ ಕೆಲವೇ ಪೈಸೆ, ಬಿಡಿ ಎನ್ನಬಹುದು. ನಾನು ಹಾಗೆ ಅನ್ನಲಾರೆ. ದಿನಕ್ಕೆ ಎರಡು ಹೊತ್ತು, ವರ್ಷಕ್ಕೆ 365 ದಿನ, ಹಸುವನ್ನೇ ನಂಬಿದ ಮನೆಗಳ ಹಣ ಅದು. ಯಾವ ಕಡೆಗೆ ಉರುಳಿಸಬೇಕು ಎನ್ನುವುದನ್ನು ಮೈಸೂರಿನಲ್ಲಿ ಕೂತ ನಮ್ಮ ಹುಡುಗನೊಬ್ಬ ಒಂದು ಸಾಲು ಕೋಡಿನಲ್ಲಿ ತೀರ್ಮಾನಿಸಿಬಿಟ್ಟಿದ್ದ, ಯಾರಿಗೂ ತಿಳಿಯದ ಹಾಗೆ. ನಾವು ಆ ಎರಡು ಅಂಕಣಗಳನ್ನು ಹಾಗೆಯೇ ಮಂಡಳಿಯ ಮುಂದಿಟ್ಟೆವು. ಎರಡು ಗಂಟೆ ಬಿಸಿಬಿಸಿ ಮಾತು ನಡೆಯಿತು. ಕೊನೆಗೆ ಹತ್ತಿರದ ಅಂಕಿಗೇ ಹೊಂದಿಸಬೇಕೆಂದೂ, ಆ ನಿಯಮವನ್ನು ದರಪಟ್ಟಿಯ ಪಕ್ಕದಲ್ಲಿ ಬರೆದು ಅಂಟಿಸಬೇಕೆಂದೂ ಠರಾವು ಆಯಿತು.

ಇನ್ನೊಂದು ಸಂಗತಿಯನ್ನು ಯಾರ ಮಾತೂ ಹೇಳಲಿಲ್ಲ, ಮೈಗಳು ಹೇಳಿದವು. ಸಂಖ್ಯೆ ಒತ್ತಿದ ಕೂಡಲೇ ಲ್ಯಾಪ್‌ಟಾಪಿನಲ್ಲಿ ಸದಸ್ಯರ ಹೆಸರು ಬರುತ್ತಿತ್ತು. ಹಾಲು ಹಾಕುವವರು ಕಟ್ಟೆಯ ಮೇಲೆ ಎದೆಯೂರಿ, ಕತ್ತು ಚಾಚಿ ಅದನ್ನು ನೋಡಲು ಹವಣಿಸುತ್ತಿದ್ದರು. 41 ಎಂದದ್ದು 141 ಎಂದು ಕೇಳಿಸಿದರೆ ಹಾಲು ಇನ್ನೊಬ್ಬರ ಲೆಕ್ಕಕ್ಕೆ ಹೋಗುತ್ತದೆ. ಅದರ ಜೊತೆಗೆ ಸರ್ಕಾರದ ಪ್ರೋತ್ಸಾಹಧನ ಆಗ ಲೀಟರಿಗೆ ಐದು ರೂಪಾಯಿ, ಅದು ನೇರವಾಗಿ ಸದಸ್ಯರ ಬ್ಯಾಂಕ್ ಖಾತೆಗೆ ಬೀಳುವಂಥದ್ದು. ಹೆಸರು ತಪ್ಪಿದರೆ ಅದೂ ತಪ್ಪುತ್ತದೆ. ಕಟ್ಟೆಯ ಆಚೆಗೆ ಮುಖ ಮಾಡಿದ ಎರಡನೆಯ ಸಣ್ಣ ಪರದೆ ಬೇಕೆಂಬುದು ಹೀಗೆ ಗೊತ್ತಾಯಿತು.

ಎಲ್ಲವೂ ಒಮ್ಮತದಿಂದ ಆಗಲಿಲ್ಲ. ವಾಸನೆ ಬಂದ ಹಾಲನ್ನು ಪರೀಕ್ಷಕಿ ಮೂಸಿ ನೋಡಿಯೇ ಹಿಂದಕ್ಕೆ ಕಳಿಸುತ್ತಿದ್ದರು. ಅದನ್ನು ದಾಖಲಿಸಲು ಒಂದು ಗುಂಡಿ ಇರಲಿ ಎಂದು ಕಾರ್ಯದರ್ಶಿಯವರು ಕೇಳಿದ್ದರು. ಮಾದರಿಯಲ್ಲಿ ಆ ಗುಂಡಿ ಇತ್ತು. ಏಳು ದಿನವೂ ಪರೀಕ್ಷಕಿ ಅದನ್ನು ಒಮ್ಮೆಯೂ ಒತ್ತಲಿಲ್ಲ. ಹಾಲು ಹಿಂದಕ್ಕೆ ಹೋದದ್ದನ್ನು ನಾನೇ ಎರಡು ಸಲ ಕಣ್ಣಾರೆ ನೋಡಿದ್ದೆ. ಕೇಳಿದಾಗ, “ಬರೆದಿಟ್ಟರೆ ಮನೆಯ ಹೆಸರು ಕೆಡುತ್ತದೆ ಸರ್. ನಾಳೆ ನಾನು ಅವರ ಬಾಗಿಲ ಮುಂದೆಯೇ ನಡೆದುಹೋಗಬೇಕು” ಎಂದರು. ಇಬ್ಬರನ್ನೂ ಎದುರಿಗೆ ಕೂರಿಸಿ ಮಾತಾಡಿದೆವು. ಹೆಸರಿಲ್ಲದೆ, ಹೊತ್ತಿಗೆ ಎಷ್ಟು ಹಾಲು ಹಿಂದಕ್ಕೆ ಹೋಯಿತು ಎಂಬ ಲೆಕ್ಕವಷ್ಟೇ ಸಾಕೆಂದು ಕಾರ್ಯದರ್ಶಿಯವರು ಒಪ್ಪಿದರು. ಪರೀಕ್ಷಕಿಯ ವಾದವೇ ಹೆಚ್ಚು ಸರಿ ಎಂದು ನನ್ನ ಮನಸ್ಸಿಗೆ ಅನ್ನಿಸಿತ್ತು, ಅದನ್ನು ಆಗಲೇ ಹೇಳಿಯೂ ಬಿಟ್ಟೆ.

ವಾರ ಮುಗಿದಾಗ ಅಧ್ಯಕ್ಷರು ಬಂದು ಬೆನ್ನು ತಟ್ಟಿದರು. “ಇಷ್ಟು ಚೆನ್ನಾಗಿ ನಡೆಯುತ್ತಿದೆಯಲ್ಲ, ಸೋಮವಾರದಿಂದ ಇದನ್ನೇ ಹಾಕಿಬಿಡಿ. ಇನ್ನು ಮೂರು ತಿಂಗಳು ಯಾಕೆ?” ಎಂದರು. ಮಾದರಿ ಮಾಡುವವರೆಲ್ಲ ಎದುರಿಸಬೇಕಾದ ಪ್ರಶ್ನೆ ಇದು. 1984ರಲ್ಲಿ ಅಮೆರಿಕದ ತಂತ್ರಾಂಶ ತಜ್ಞ ಬ್ಯಾರಿ ಬೋಮ್ ಮತ್ತು ಸಂಗಡಿಗರು ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದ್ದರು. ಏಳು ತಂಡಗಳು ಒಂದೇ ತಂತ್ರಾಂಶವನ್ನು ಕಟ್ಟಿದ್ದವು, ನಾಲ್ಕು ತಂಡಗಳು ಮೊದಲು ವಿವರ ಬರೆದು, ಮೂರು ತಂಡಗಳು ಮಾದರಿ ಮಾಡಿ. ಮಾದರಿಯ ದಾರಿ ಹಿಡಿದವರ ಕೋಡ್ ಸುಮಾರು ಶೇಕಡಾ 40ರಷ್ಟು, ಶ್ರಮ ಶೇಕಡಾ 45ರಷ್ಟು ಕಡಿಮೆ. ಬಳಸಲು, ಕಲಿಯಲು ಅವೇ ಸುಲಭ. ಆದರೆ ಗಟ್ಟಿತನದಲ್ಲಿ ಅವು ಹಿಂದೆ ಬಿದ್ದಿದ್ದವು. ನಮ್ಮ ಮಾದರಿಯೂ ಹಾಗೆಯೇ. ಅಂಕಿಗಳನ್ನೆಲ್ಲ ಅದು ತಾತ್ಕಾಲಿಕವಾಗಿ ನೆನಪಿನಲ್ಲಿ ಹಿಡಿದಿಟ್ಟುಕೊಂಡು, ಹೊತ್ತು ಮುಗಿದ ಮೇಲೆ ಒಂದೇ ಸಲ ಕಡತಕ್ಕೆ ಬರೆಯುತ್ತಿತ್ತು.

ಅಧ್ಯಕ್ಷರಿಗೆ ಇದನ್ನು ಮಾತಿನಲ್ಲಿ ವಿವರಿಸಿದೆ. ಅವರಿಗೆ ನಾನು ದಿನ ದೂಡುತ್ತಿರುವಂತೆ ಕಂಡಿತು. ಸಂಜೆಯ ಹಾಲಿನ ಹೊತ್ತಿಗೆ ದಯವಿಟ್ಟು ಬನ್ನಿ ಎಂದು ಕೇಳಿಕೊಂಡೆ. ಲ್ಯಾಪ್‌ಟಾಪಿನ ಬ್ಯಾಟರಿಯನ್ನು ಮೊದಲೇ ಕಳಚಿಟ್ಟಿದ್ದೆ. ಹನ್ನೊಂದು ಜನರ ಹಾಲು ಆದ ಮೇಲೆ, ಅವರು ನೋಡುತ್ತಿರುವಂತೆಯೇ, ಗೋಡೆಯಿಂದ ಪ್ಲಗ್ ಕಿತ್ತೆ. ಮತ್ತೆ ಚಾಲೂ ಮಾಡಿದಾಗ ಸಾಲು ಖಾಲಿಯಾಗಿತ್ತು. ಹಳ್ಳಿಯಲ್ಲಿ ಕರೆಂಟು ಎಷ್ಟು ಸಲ ಹೋಗುತ್ತದೆ ಎಂದು ನಾನು ಹೇಳಬೇಕಾಗಲಿಲ್ಲ. ಅಧ್ಯಕ್ಷರು ರಿಜಿಸ್ಟರನ್ನು ಹತ್ತಿರಕ್ಕೆ ಎಳೆದುಕೊಂಡು ಆ ಹನ್ನೊಂದು ಸಾಲುಗಳನ್ನು ಬೆರಳಿಟ್ಟು ಎಣಿಸಿದರು. “ಮೂರು ತಿಂಗಳು ತೆಗೆದುಕೊಳ್ಳಿ” ಎಂದರು.

ಆ ಮೂರು ತಿಂಗಳ ಕೆಲಸದ ಬಗ್ಗೆ ಹೇಳಲು ವಿಶೇಷವೇನೂ ಇಲ್ಲ. ಏನು ಕಟ್ಟಬೇಕೆಂದು ಗೊತ್ತಿತ್ತು, ಕಟ್ಟಿದೆವು.

ಆದರೆ ಮಾದರಿ ನನ್ನನ್ನು ಇನ್ನೊಮ್ಮೆ ಹಿಡಿದು ನಿಲ್ಲಿಸಿತು. ಹೊಸದನ್ನು ಅಳವಡಿಸುವ ಮುನ್ನ ಒಂದು ದಿನ ಡೇರಿಗೆ ಹೋಗಿದ್ದಾಗ, ಒಂದು ಹಸು ಸಾಕಿಕೊಂಡಿದ್ದ ಅಜ್ಜಿ ನನ್ನನ್ನು ಕಂಡು ಹತ್ತಿರ ಬಂದರು. ಸೊಂಟದ ಎಲೆಅಡಿಕೆ ಚೀಲದಿಂದ ನಾಲ್ಕಾಗಿ ಮಡಚಿದ ಒಂದು ಚೀಟಿ ತೆಗೆದರು. ಸುಣ್ಣ ಮೆತ್ತಿದ ಆ ಚೀಟಿಯಲ್ಲಿ ಇದ್ದದ್ದು ನನ್ನದೇ ಪೆನ್ಸಿಲಿನ ಅಕ್ಷರ. ಮೂಟೆಗಳ ಹಿಂದೆ ಕೂತು ಬರೆದ ಮೊದಲ ದಿನದ್ದು.

“ಅಪ್ಪಾ, ಇದು ಸುಳ್ಳು ಚೀಟಿ, ದುಡ್ಡಿಗಲ್ಲ ಎಂದು ಅಂದೇ ಹೇಳಿದ್ದೀರಿ, ನನಗೆ ನೆನಪಿದೆ. ಆದರೂ ನೋಡು. ಇದರಲ್ಲಿ ನನ್ನ ಹಸುವಿಗೆ 4.1 ಇದೆ. ಕಾರ್ಡಿನಲ್ಲಿ 3.3 ಬರೆದಿದ್ದಾರೆ. ನನ್ನ ಹಸು ಯಾವತ್ತೂ ಅಷ್ಟು ಕೆಳಗೆ ಇಳಿದಿಲ್ಲ.”

ಮೊದಲ ದಿನ ನಾವು ತಾಳೆ ನೋಡಿರಲಿಲ್ಲ. ಕಾರ್ಯದರ್ಶಿಯವರು ಆ ದಿನದ ಪುಟ ತೆರೆದರು. ಅಜ್ಜಿಯ ಸಾಲಿನ ಮೇಲಿನ ಸದಸ್ಯರಿಗೆ 4.1 ಇತ್ತು. ನಾನು ಕಚೇರಿಯಲ್ಲಿ ಕಟ್ಟಿಟ್ಟಿದ್ದ ರಟ್ಟುಗಳನ್ನು ಮರುದಿನ ತಂದೆ. ಒಣಗಿದ ಹಾಲಿನ ಉಂಗುರ ಬಿದ್ದಿದ್ದ ರಟ್ಟಿನ ಮೇಲೆ ಅಜ್ಜಿಯ ಸಂಖ್ಯೆ ಇತ್ತು, ಪಕ್ಕದಲ್ಲಿ 4.1 ಇತ್ತು. ಲೋಟ ಅದರ ಮೇಲೆಯೇ ನಿಂತಿದ್ದರಿಂದ ಅಲ್ಲಿ ಅದಲುಬದಲಾಗುವ ಹಾಗಿರಲಿಲ್ಲ. ರಿಜಿಸ್ಟರಿಗೆ ಇಳಿಸುವಾಗ ಎರಡು ಸಾಲುಗಳು ಅದಲುಬದಲಾಗಿದ್ದವು. ಮೂರೂವರೆ ಲೀಟರಿಗೆ ಆರು ರೂಪಾಯಿ ಮೂವತ್ತು ಪೈಸೆ.

ಹಣವನ್ನು ಕಾರ್ಯದರ್ಶಿಯವರು ಆಗಲೇ ಕೊಟ್ಟರು. ಆಮೇಲೆ ನನ್ನ ಕಡೆ ತಿರುಗಿ ಕೇಳಿದರು: “ಇದನ್ನು ನಿಮ್ಮ ಗಣಕದಲ್ಲಿ ಎಲ್ಲಿ ಬರೆಯುವುದು ಸ್ವಾಮಿ?”

ಬಟವಾಡೆ ಮುಗಿದ ಹೊತ್ತಿನ ಲೆಕ್ಕವನ್ನು ಕಾರಣ ಸಮೇತ, ಸದಸ್ಯರ ಒಪ್ಪಿಗೆ ಸಮೇತ ತಿದ್ದುವ ಜಾಗ ನಾವು ಕಟ್ಟಿದ್ದರಲ್ಲಿ ಎಲ್ಲಿಯೂ ಇರಲಿಲ್ಲ. ಅಜ್ಜಿಯನ್ನು ಅಲ್ಲಿಯೇ ಬೆಂಚಿನ ಮೇಲೆ ಕೂರಿಸಿ, ಮೂಟೆಯ ಮೇಲಿದ್ದ ಒಂದು ಖಾಲಿ ರಟ್ಟು ಎತ್ತಿಕೊಂಡು, ಪೆನ್ಸಿಲಿಗಾಗಿ ಜೇಬು ತಡಕಾಡಿದೆ.